ಒಂದೇ ಮುಸುವ, ಮೂರು ಥರದ ಕಣ್ಣು

ಧಾರವಾಡದ ಕಡೆಯವರಿಗೆ ಮುಸುವದ ಪರಿಚಯ ಮಾಡಿಕೊಡುವ ಅಗತ್ಯ ಇಲ್ಲ. ಕಪ್ಪು ಮುಖ, ಬೂದು ಮೈ, ಮೈಗಿಂತ ಉದ್ದನೆಯ ಬಾಲದ ಮಂಗ. ಮಾಡಿನ ಮೇಲೆ ಕುಣಿದು ಹಂಚು ಒಡೆಯುತ್ತದೆ, ಪೇರಲ ಗಿಡ ಬೋಳು ಮಾಡುತ್ತದೆ, ಬೈದರೆ ಹಲ್ಲು ಕಿರಿಯುತ್ತದೆ. ನಮಗೆ ಅಷ್ಟು ಗೊತ್ತಿದ್ದರೆ ಸಾಕಿತ್ತು. ಆದರೆ ಇದೇ ಮುಸುವವನ್ನು ನೋಡಲಿಕ್ಕೆಂದೇ 1961ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಿಂದ ಯುಕಿಮಾರು ಸುಗಿಯಾಮಾ ಎಂಬ ತರುಣ ವಿಜ್ಞಾನಿ ಧಾರವಾಡಕ್ಕೆ ಬಂದರು. ಸುತ್ತಲಿನ ಕಾಡು, ಹೊಲ, ರಸ್ತೆಬದಿಯ ಮರಗಳ ಕೆಳಗೆ ಜೊತೆಗಾರರೊಂದಿಗೆ ತಿಂಗಳುಗಟ್ಟಲೆ ಕೂತರು.

1962ರಲ್ಲಿ ಅವರ ಕಣ್ಣೆದುರೇ ಒಂದು ಘಟನೆ ನಡೆಯಿತು. ಒಂದು ಗಂಡು, ಹಲವು ಹೆಣ್ಣು, ಅವುಗಳ ಮರಿಗಳು ಇದ್ದ ಹಿಂಡಿನ ಮೇಲೆ ಹೊರಗಿನ ಗಂಡುಗಳ ಗುಂಪೊಂದು ಬಿತ್ತು. ಹಳೆಯ ಯಜಮಾನ ಓಡಿಹೋಯಿತು. ಬಂದ ಗಂಡುಗಳಲ್ಲಿ ಒಂದು ಉಳಿದವನ್ನೂ ಓಡಿಸಿ ತಾನೇ ಯಜಮಾನನಾಯಿತು. ಆಮೇಲೆ ಹಾಲು ಕುಡಿಯುವ ಮರಿಗಳು ಒಂದೊಂದಾಗಿ ಕಚ್ಚಿಸಿಕೊಂಡು ಸತ್ತವು. ಮರಿ ಕಳೆದುಕೊಂಡ ತಾಯಂದಿರು ಹೆಚ್ಚು ದಿನ ಕಳೆಯುವ ಮುಂಚೆಯೇ ಬೆದೆಗೆ ಬಂದು ಹೊಸ ಗಂಡಿನ ಜೊತೆ ಕೂಡಿದವು. 1965ರಲ್ಲಿ ಸುಗಿಯಾಮಾ ಇದನ್ನು ಪ್ರಕಟಿಸಿದರು. ಇದನ್ನು ಎಲ್ಲಿ ಇಡಬೇಕೆಂದು ಆಗಿನ ವಿಜ್ಞಾನಿಗಳಿಗೆ ತಿಳಿಯಲಿಲ್ಲ.

ಅದಕ್ಕೆ ಕಾರಣ ಇತ್ತು. ಸುಗಿಯಾಮಾ ಅವರಿಗಿಂತ ಸ್ವಲ್ಪ ಮುಂಚೆ, 1958ರಿಂದ 1960ರವರೆಗೆ, ಅಮೆರಿಕದ ವಿಜ್ಞಾನಿ ಫಿಲಿಸ್ ಜೇ ಇದೇ ಪ್ರಾಣಿಯನ್ನು ಉತ್ತರ ಪ್ರದೇಶದ ಕೌಕೋರಿ ಎಂಬ ಹಳ್ಳಿಯಲ್ಲೂ ಬಸ್ತಾರದ ಓರ್ಛಾದಲ್ಲೂ ನೋಡಿದ್ದರು. ಅವರಿಗೆ ಕಂಡದ್ದು ಶಾಂತ ಸಂಸಾರ. ಗಂಡುಗಳು ಹೆಚ್ಚು ಜಗಳ ಆಡದೆ ಒಟ್ಟಿಗೆ ಬದುಕುತ್ತಿದ್ದವು. ಮರಿ ಹುಟ್ಟಿದರೆ ಹಿಂಡಿನ ಹೆಂಗಸರೆಲ್ಲ ಬಂದು ಎತ್ತಿ ಆಡಿಸುತ್ತಿದ್ದವು, ನಮ್ಮ ಬಾಣಂತಿ ಮನೆಯ ಹಾಗೆ. ಅಲ್ಲಿ ಶಾಂತಿ, ಇಲ್ಲಿ ಕೊಲೆ. ಆಗಿನ ಲೆಕ್ಕದಲ್ಲಿ ಎರಡೂ ಒಂದೇ ಜಾತಿಯ ಮಂಗ. ಯಾರದು ಸರಿ?

ನಾನು ಈ ಕತೆಗೆ ಬಂದದ್ದು ಬೇರೆ ದಾರಿಯಿಂದ. ಆಫೀಸುಗಳಲ್ಲಿ ಈಗ ‘ವೈವಿಧ್ಯ’ ಅನ್ನುವುದು ದೊಡ್ಡ ಮಾತು. ವರ್ಷಕ್ಕೊಂದು ದಿನ ಎಲ್ಲರೂ ಅವರವರ ಕಡೆಯ ಉಡುಪು ಹಾಕಿಕೊಂಡು ಬರುತ್ತಾರೆ. ಹೋಳಿಗೆ, ಢೋಕ್ಲಾ, ಮೊಮೊ ಹಂಚಿ ತಿನ್ನುತ್ತಾರೆ. ಫೋಟೋ ತೆಗೆಸಿಕೊಳ್ಳುತ್ತಾರೆ. ಮಾರನೇ ದಿನ ಮೀಟಿಂಗಿನಲ್ಲಿ ಮಾತಾಡುವವರು ಮತ್ತದೇ ಮೂವರು. ಬೇರೆ ಬೇರೆ ಜನ ಸೇರಿದರೆ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ, ಬದಲಾದರೆ ಹೇಗೆ, ಆಗದಿದ್ದರೆ ಯಾಕೆ ಎಂದು ಹುಡುಕುತ್ತ ಹೋದಾಗ ಈ ಮಂಗಗಳು ಸಿಕ್ಕವು. ಇಡೀ ವಿಷಯ ಇವುಗಳಲ್ಲೇ ಇದೆ ಅನ್ನಿಸಿತು.

ಮೊದಲು ಸುಗಿಯಾಮಾ ಅವರಿಗೇ ಇದು ಯಾಕೆ ಕಂಡಿತು ಅಂತ ನೋಡೋಣ. ಜಪಾನಿನಲ್ಲಿ ಮಂಗಗಳನ್ನು ನೋಡುವ ಪದ್ಧತಿಯೇ ಬೇರೆ ಇತ್ತು. 1948ರಲ್ಲಿ ಕಿಂಜಿ ಇಮಾನಿಶಿ ಮತ್ತು ಅವರ ಶಿಷ್ಯರು ಶುರು ಮಾಡಿದ ಪದ್ಧತಿ ಅದು. ಹಿಂಡಿನ ಒಂದೊಂದು ಮಂಗವನ್ನೂ ಮುಖ ನೋಡಿ ಗುರುತಿಸಬೇಕು. ಹೆಸರಿಡಬೇಕು. ಯಾರು ಯಾರ ಮಗಳು, ಯಾರು ಯಾರ ಪಕ್ಕ ಕೂರುತ್ತಾರೆ ಎಂದು ವರ್ಷಗಟ್ಟಲೆ ಬರೆದಿಡಬೇಕು. ಒಂದು ರೀತಿ ಊರಿನ ಶ್ಯಾನುಭೋಗರ ಕೆಲಸ. ಪಶ್ಚಿಮದ ವಿಜ್ಞಾನಿಗಳಿಗೆ ಇದು ನಗು ತರಿಸುತ್ತಿತ್ತು. ಪ್ರಾಣಿಗೆ ಹೆಸರಿಡುವುದು ಮನುಷ್ಯನ ಗುಣ ಆರೋಪಿಸಿದ ಹಾಗೆ, ನಂಬರ್ ಕೊಡಿ ಸಾಕು ಅನ್ನುತ್ತಿದ್ದರು. ಚಿಂಪಾಂಜಿಗಳಿಗೆ ಹೆಸರಿಟ್ಟ ಜೇನ್ ಗುಡಾಲ್ ಅವರಿಗೂ 1960ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಇದೇ ಬುದ್ಧಿಮಾತು ಸಿಕ್ಕಿತ್ತು.

ಸ್ವಲ್ಪ ಯೋಚನೆ ಮಾಡಿ. ಹೆಸರಿಡದೆ ಹೋದರೆ ಹಿಂಡು ಬರೀ ಹಿಂಡು. ಇವತ್ತು ಒಂದು ದೊಡ್ಡ ಗಂಡು ಇತ್ತು, ನಾಳೆಯೂ ಒಂದು ದೊಡ್ಡ ಗಂಡು ಇದೆ. ಅದು ಬೇರೆ ಗಂಡು ಅಂತ ಗೊತ್ತಾಗುವುದು ಮುಖ ಗುರುತಿದ್ದವರಿಗೆ ಮಾತ್ರ. ಮರಿ ಕಾಣೆಯಾದರೆ ಚಿರತೆ ಹಿಡಿದಿರಬೇಕು ಅಂದುಕೊಂಡು ಮುಂದೆ ಹೋಗಬಹುದು. ಅದು ಯಾರ ಮರಿ, ಯಾವತ್ತಿನಿಂದ ಕಾಣುತ್ತಿಲ್ಲ, ಅದಕ್ಕೆ ಎರಡು ದಿನ ಮುಂಚೆ ಹಿಂಡಿಗೆ ಯಾರು ಬಂದರು ಎಂಬ ಲೆಕ್ಕ ಇದ್ದರೆ ಮಾತ್ರ ಕತೆ ಕೂಡಿಕೊಳ್ಳುತ್ತದೆ.

ಇದೇ ಜಪಾನಿನ ಇನ್ನೊಂದು ಕತೆ ನನಗೆ ತುಂಬ ಇಷ್ಟ. ಕೋಶಿಮಾ ಎಂಬ ಪುಟ್ಟ ದ್ವೀಪದಲ್ಲಿ ಸಂಶೋಧಕರು ಮಂಗಗಳಿಗೆ ಗೆಣಸು ಹಾಕುತ್ತಿದ್ದರು. 1953ರಲ್ಲಿ ಇಮೋ ಎಂಬ ಮರಿ ಹೆಣ್ಣುಮಂಗ ಮಣ್ಣು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿಂದಿತು. ನೋಡನೋಡುತ್ತ ಅದರ ಗೆಳತಿಯರು, ತಾಯಿ, ಆಮೇಲೆ ಹಿಂಡಿನ ಬಹುಪಾಲು ತೊಳೆಯಲು ಕಲಿತವು. ಪ್ರಾಣಿಗಳಿಗೂ ಒಂದು ಬಗೆಯ ಸಂಸ್ಕೃತಿ ಇದೆಯೇ ಎಂಬ ಚರ್ಚೆ ಜೋರಾಗಿದ್ದು ಅಲ್ಲಿಂದಲೇ. ಅದನ್ನು ಮೊದಲು ಕಂಡದ್ದು ಪ್ರೊಫೆಸರ್ ಅಲ್ಲ. ಸತ್ಸುಯೆ ಮಿತೊ ಎಂಬ ಅಲ್ಲಿನ ಶಾಲೆಯ ಟೀಚರ್. ದ್ವೀಪದ ಪಕ್ಕದಲ್ಲೇ ಇದ್ದವರು, ಮಂಗಗಳ ಮುಖ ಬಲ್ಲವರು. ಅವರ ಮಾತನ್ನು ಕ್ಯೋಟೋದವರು ಕಿವಿಗೆ ಹಾಕಿಕೊಂಡರು. ಈ ಕೊನೆಯ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮತ್ತೆ ಮುಸುವಕ್ಕೆ ಬರೋಣ. ಧಾರವಾಡದ ಮರಿಗಳ ಸಾವಿಗೆ ಬಹಳ ಜನ ಒಪ್ಪಿದ ವಿವರಣೆ ಅಂದರೆ ಇಕ್ಕಟ್ಟು. ಧಾರವಾಡದ ಸುತ್ತ ಮುಸುವಗಳು ಒತ್ತೊತ್ತಾಗಿದ್ದವು. ಜಾಗ ಸಾಲದೆ ತಲೆಕೆಟ್ಟು ಹೀಗೆ ಮಾಡಿವೆ, ಇದು ಒಂದು ಥರ ಕಾಯಿಲೆ ಅಂದರು. ಇದನ್ನು ತರಗತಿಯಲ್ಲಿ ಕೇಳಿದ ಹಾರ್ವರ್ಡ್‌ನ ವಿದ್ಯಾರ್ಥಿನಿ ಸಾರಾ ಹರ್ಡಿ, ಇಕ್ಕಟ್ಟಿನ ಪರಿಣಾಮ ನೋಡೋಣ ಎಂದು 1971ರಲ್ಲಿ ರಾಜಸ್ಥಾನದ ಅಬು ಬೆಟ್ಟಕ್ಕೆ ಬಂದರು. ಅಲ್ಲಿ ಅವರಿಗೆ ಕಂಡ ಲೆಕ್ಕವೇ ಬೇರೆ. ಹಿಂಡಿನ ಒಳಗೇ ಇದ್ದ ಗಂಡುಗಳು ಮರಿಗಳ ತಂಟೆಗೆ ಹೋಗುತ್ತಿರಲಿಲ್ಲ. ಹೊರಗಿನಿಂದ ಹೊಸದಾಗಿ ಬಂದ ಗಂಡು ಮಾತ್ರ ಕೊಲ್ಲುತ್ತಿತ್ತು. ಇದು ಹುಚ್ಚಲ್ಲ, ಇದಕ್ಕೆ ಲೆಕ್ಕಾಚಾರ ಇದೆ ಅಂದರು ಹರ್ಡಿ. ಹಾಲೂಡುವ ತಾಯಿ ಬೆದೆಗೆ ಬರುವುದಿಲ್ಲ. ಹಿಂದಿನವನ ಮರಿ ಸತ್ತರೆ ಬೇಗ ಬರುತ್ತಾಳೆ. ಹೊಸ ಗಂಡಿನ ಯಜಮಾನಿಕೆ ಎಷ್ಟು ದಿನದ್ದೋ ಗೊತ್ತಿಲ್ಲ, ಅಷ್ಟರಲ್ಲಿ ತನ್ನ ಸಂತಾನ ಆಗಬೇಕು.

ಇಲ್ಲಿಗೆ ನಿಂತಿದ್ದರೆ ಇದು ಗಂಡುಗಳ ಕತೆಯಾಗಿಯೇ ಉಳಿಯುತ್ತಿತ್ತು. ಹರ್ಡಿ ಇನ್ನೊಂದು ಪ್ರಶ್ನೆ ಕೇಳಿದರು. ಇಷ್ಟೆಲ್ಲ ಆಗುವಾಗ ಹೆಣ್ಣುಗಳು ಏನು ಮಾಡುತ್ತವೆ? ಅಲ್ಲಿವರೆಗಿನ ಬಹಳಷ್ಟು ಬರಹಗಳಲ್ಲಿ ಹೆಣ್ಣುಮಂಗ ಅಂದರೆ ಸುಮ್ನೆ ಗೆದ್ದವನ ಪಾಲಾಗುವ ಪ್ರಾಣಿ. ಹರ್ಡಿ ನೋಡಿದ ಹೆಣ್ಣುಗಳು ಸುಮ್ಮನೆ ಕೂತಿರಲಿಲ್ಲ. ಮುದಿ ಹೆಣ್ಣುಗಳು ಕೊಲೆಗಡುಕ ಗಂಡಿನ ಮೇಲೆ ಒಟ್ಟಾಗಿ ಏರಿಹೋಗಿ ಮರಿಯನ್ನು ಕಾಯುತ್ತಿದ್ದವು. ಕೆಲವು ಹೆಣ್ಣುಗಳು ಹೊರಗಿನ ಗಂಡುಗಳ ಜೊತೆಗೂ ಕೂಡುತ್ತಿದ್ದವು. ಮರಿ ಯಾರದು ಎಂದು ಗಂಡುಗಳಿಗೆ ಖಚಿತ ಆಗದಿದ್ದರೆ ಕೊಲ್ಲಲು ಹಿಂಜರಿಯುತ್ತವೆ, ಅದೇ ಹೆಣ್ಣಿನ ತಂತ್ರ ಎಂದು ಅವರು ವಾದಿಸಿದರು. 1977ರಲ್ಲಿ ಈ ಅಧ್ಯಯನ ಪುಸ್ತಕವಾಗಿ ಬಂದಾಗ ದೊಡ್ಡ ಜಗಳವೇ ಆಯಿತು.

ಹೆಂಗಸು ನೋಡಿದ್ದಕ್ಕೆ ಹೆಂಗಸರ ಕಷ್ಟ ಕಂಡಿತು ಎಂದು ಇಲ್ಲಿ ಷರಾ ಬರೆಯುವುದು ಸುಲಭ. ಆದರೆ ಹರ್ಡಿಯನ್ನು ಅತ್ಯಂತ ಗಟ್ಟಿಯಾಗಿ ವಿರೋಧಿಸಿದವರು ಯಾರು ಗೊತ್ತಾ? ಮೊದಲು ಕೌಕೋರಿಯಲ್ಲಿ ಶಾಂತ ಸಂಸಾರ ಕಂಡ ಅದೇ ಫಿಲಿಸ್ ಜೇ. ಆ ಹೊತ್ತಿಗೆ ಅವರ ಹೆಸರು ಫಿಲಿಸ್ ಡೋಲ್ಹಿನೋ ಎಂದಾಗಿತ್ತು. ಇಬ್ಬರೂ ಅಮೆರಿಕದವರು, ಇಬ್ಬರೂ ಹೆಂಗಸರು, ಇಬ್ಬರೂ ಮುಸುವದ ಹಿಂದೆ ಬಿದ್ದವರು. ನೋಟ ಮಾತ್ರ ಬೇರೆ. ಕಲಿತ ಪಾಠಶಾಲೆ ಬೇರೆ, ನಿಂತು ನೋಡಿದ ಊರು ಬೇರೆ. ಕೌಕೋರಿಯ ಹಿಂಡಿನಲ್ಲಿ ಹಲವು ಗಂಡುಗಳು ಒಟ್ಟಿಗೇ ಇದ್ದವು, ಹಾಗಾಗಿ ಯಜಮಾನಿಕೆ ಕಿತ್ತುಕೊಳ್ಳುವ ದಾಳಿಗಳೇ ಅಲ್ಲಿ ಕಾಣಸಿಗಲಿಲ್ಲ. ಒಬ್ಬರ ಹುಟ್ಟು ನೋಡಿ ಅವರ ಕಣ್ಣು ಏನು ಕಾಣುತ್ತದೆ ಎಂದು ಹೇಳಲಾಗದು. ಆದರೆ ಒಂದೇ ಬಗೆಯ ಕಣ್ಣುಗಳು ಸೇರಿದರೆ ಏನನ್ನೋ ಬಿಟ್ಟುಬಿಡುತ್ತವೆ ಎಂಬುದನ್ನು ಮಾತ್ರ ಸಾಕಷ್ಟು ಧೈರ್ಯದಿಂದ ಹೇಳಬಹುದು.

ಜಗಳ ಹೇಗೆ ತೀರಿತು? ಅವರವರ ಸತ್ಯ ಅವರವರಿಗೆ ಎಂದಲ್ಲ. 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಮರಿಗಳ ಮೇಲೆ ಎರಗಿದ ಗಂಡುಗಳು ಆ ಮರಿಗಳ ತಂದೆಯಾಗಿರಲಿಲ್ಲ. ಹರ್ಡಿಯ ಊಹೆಗೆ ಬಲ ಬಂತು. ಭಿನ್ನ ಕಣ್ಣುಗಳು ಭಿನ್ನ ಪ್ರಶ್ನೆ ತರುತ್ತವೆ. ಉತ್ತರ ತೂಗುವ ತಕ್ಕಡಿ ಮಾತ್ರ ಎಲ್ಲರಿಗೂ ಒಂದೇ ಇರಬೇಕು. ವೈವಿಧ್ಯದ ಪರ ಮಾತಾಡುವವರು ಕೆಲವೊಮ್ಮೆ ಈ ತಕ್ಕಡಿಯನ್ನೇ ಮರೆಯುತ್ತಾರೆ. ವಿರೋಧಿಸುವವರು ಬರೀ ತಕ್ಕಡಿ ಇದ್ದರೆ ಸಾಕು, ಅದರಲ್ಲಿ ಏನು ಹಾಕಬೇಕೆಂದು ತಂತಾನೇ ಗೊತ್ತಾಗುತ್ತದೆ ಅಂದುಕೊಳ್ಳುತ್ತಾರೆ. ಮುಸುವ ನಮ್ಮ ಹಿತ್ತಲಲ್ಲೇ ಇತ್ತು. ಆ ಪ್ರಶ್ನೆ ಮಾತ್ರ ಕ್ಯೋಟೋದಿಂದ ಬರಬೇಕಾಯಿತು.

ಜಾತ್ರೆಯ ಎತ್ತು

ಭಿನ್ನತೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವೂ ಇದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಒಂದು ದನದ ಪ್ರದರ್ಶನ ನಡೆಯಿತು. ಒಂದು ಎತ್ತನ್ನು ನಿಲ್ಲಿಸಿ, ಕಡಿದು ಹಸನು ಮಾಡಿದ ಮೇಲೆ ಇದರ ತೂಕ ಎಷ್ಟಾಗಬಹುದು ಹೇಳಿ ಎಂದು ಪಂದ್ಯ ಇಟ್ಟಿದ್ದರು. ಆರು ಪೆನ್ಸ್ ಕೊಟ್ಟು ಚೀಟಿ ಬರೆಯಬೇಕು. ಕಸಾಯಿಯವರು, ರೈತರು, ಸುಮ್ನೆ ನೋಡಲು ಬಂದವರು, ಎಲ್ಲರೂ ಬರೆದರು. ಓದಲು ಬರುವಂತಿದ್ದ 787 ಚೀಟಿಗಳನ್ನು ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತರಿಸಿಕೊಂಡು ಸಾಲಾಗಿ ಜೋಡಿಸಿದರು. ನಟ್ಟನಡುವಿನ ಚೀಟಿಯಲ್ಲಿ ಇದ್ದದ್ದು 1207 ಪೌಂಡ್. ಎತ್ತಿನ ನಿಜವಾದ ತೂಕ 1198 ಪೌಂಡ್. ನೂರಕ್ಕೆ ಒಂದರಷ್ಟೂ ತಪ್ಪಿಲ್ಲ. ಸಾಮಾನ್ಯ ಜನರ ಬುದ್ಧಿಯ ಮೇಲೆ ಗಾಲ್ಟನ್‌ಗೆ ಹೇಳಿಕೊಳ್ಳುವಂಥ ಗೌರವ ಇರಲಿಲ್ಲ, ಮೇಲು ತಳಿಯ ಮನುಷ್ಯರನ್ನು ಬೆಳೆಸಬೇಕೆಂಬ ವಾದವನ್ನು ಹುಟ್ಟುಹಾಕಿದವರೇ ಅವರು. ಆದರೂ ಕಂಡದ್ದನ್ನು ಮುಚ್ಚಿಡದೆ 1907ರಲ್ಲಿ ಬರೆದರು.

ಇದರಲ್ಲಿ ಮಾಯ ಏನೂ ಇಲ್ಲ. ಪ್ರತಿ ಚೀಟಿಯಲ್ಲೂ ಒಂದಿಷ್ಟು ತಿಳಿವಳಿಕೆ, ಒಂದಿಷ್ಟು ತಪ್ಪು ಇದೆ. ಒಬ್ಬನ ತಪ್ಪು ಮೇಲಕ್ಕೆ, ಇನ್ನೊಬ್ಬನದು ಕೆಳಕ್ಕೆ. ಸೇರಿಸಿದರೆ ತಪ್ಪುಗಳು ಒಂದನ್ನೊಂದು ತಿಂದುಹಾಕುತ್ತವೆ, ತಿಳಿವಳಿಕೆ ಉಳಿಯುತ್ತದೆ. ಆದರೆ ಷರತ್ತು ಒಂದಿದೆ. ತಪ್ಪುಗಳು ಬೇರೆ ಬೇರೆ ದಿಕ್ಕಿನವಾಗಿರಬೇಕು. ಹೆಸರಾಂತ ಕಸಾಯಿಯೊಬ್ಬ ಮೊದಲೇ ‘ಸಾವಿರದ ನಾನೂರು ಖಂಡಿತ’ ಎಂದು ಕೂಗಿಬಿಟ್ಟಿದ್ದರೆ? ಉಳಿದವರ ಕೈ ಆ ಕಡೆಗೇ ವಾಲುತ್ತಿತ್ತು. ಆಗ 787 ಚೀಟಿ ಇದ್ದರೂ ಅದು ಒಬ್ಬನ ಚೀಟಿಯೇ. ಒಂದೇ ಕಾಲೇಜು, ಒಂದೇ ಊರು, ಒಂದೇ ಥರದ ಮನೆಯಿಂದ ಬಂದ ಹತ್ತು ಜಾಣರು ಸೇರಿದಾಗಲೂ ಆಗುವುದು ಇದೇ. ಅವರು ದಡ್ಡರಲ್ಲ, ಆದರೆ ಎಲ್ಲರೂ ಎಡವುವ ಕಲ್ಲು ಒಂದೇ.

ಅತ್ತೆಗೆ ಮಾತ್ರ ಗೊತ್ತಿದ್ದ ಮಾತು

ಹಾಗಾದರೆ ಬೇರೆ ಬೇರೆಯವರನ್ನು ತಂದು ಒಂದೇ ಮೇಜಿನ ಸುತ್ತ ಕೂರಿಸಿದರೆ ಮುಗಿಯಿತಾ? ಇಲ್ಲ. ತೊಡಕು ಶುರುವಾಗುವುದೇ ಇಲ್ಲಿಂದ.

ಒಂದು ಮನೆಯವರು ಬೆಂಗಳೂರಿನ ಹೊರಗೆ ಸೈಟು ಕೊಳ್ಳಲು ಕೂತಿದ್ದಾರೆ ಅಂದುಕೊಳ್ಳಿ. ರೇಟು ಕಡಿಮೆ, ರಸ್ತೆ ಅಗಲ, ಬಸ್‌ಸ್ಟಾಪ್ ಹತ್ತಿರ. ಇದು ಎಲ್ಲರಿಗೂ ಗೊತ್ತು. ಆ ಜಾಗ ಹಿಂದೆ ಕೆರೆ ಅಂಗಳ ಆಗಿತ್ತು, ಜೋರು ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ ಎಂಬುದು ಅತ್ತೆಗೆ ಮಾತ್ರ ಗೊತ್ತು, ಅವರ ತವರು ಅದೇ ಕಡೆ. ಎರಡು ಗಂಟೆ ಮಾತು ನಡೆಯುತ್ತದೆ. ಮಾತೆಲ್ಲ ರೇಟು, ರಸ್ತೆ, ಬಸ್‌ಸ್ಟಾಪಿನ ಸುತ್ತಲೇ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ‘ಹೌದು ಹೌದು’ ಅನ್ನುತ್ತಾರೆ, ಎಲ್ಲರಿಗೂ ಖುಷಿ. ಅತ್ತೆ ಒಮ್ಮೆ ಬಾಯಿ ತೆರೆದರು, ಯಾರೂ ಆ ಎಳೆ ಹಿಡಿಯಲಿಲ್ಲ. ಅಡ್ವಾನ್ಸ್ ಕೊಟ್ಟು ಬಂದರು.

1985ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ಯಾರಾಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಪ್ರಯೋಗ ಮಾಡಿ ತೋರಿಸಿದ್ದು ಇಂಥದ್ದನ್ನೇ. ಗುಂಪಿನವರು ಚುನಾವಣೆಯ ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಬೇಕಿತ್ತು. ಅಭ್ಯರ್ಥಿಗಳ ಬಗ್ಗೆ ಕೆಲವು ಮಾಹಿತಿ ಎಲ್ಲರಿಗೂ ಸಿಗುವಂತೆ, ಕೆಲವು ಒಬ್ಬೊಬ್ಬರಿಗೆ ಮಾತ್ರ ಸಿಗುವಂತೆ ಹಂಚಿದರು. ಎಲ್ಲವನ್ನೂ ಒಟ್ಟುಗೂಡಿಸಿದರೆ ಮಾತ್ರ ಸರಿಯಾದ ಅಭ್ಯರ್ಥಿಯನ್ನು ಆರಿಸಲು ಸಾಧ್ಯ. ಗುಂಪುಗಳು ಮಾತಾಡಿದ್ದು ಹೆಚ್ಚಾಗಿ ಎಲ್ಲರಿಗೂ ಮೊದಲೇ ಗೊತ್ತಿದ್ದುದನ್ನೇ. ಒಬ್ಬರ ಹತ್ತಿರ ಮಾತ್ರ ಇದ್ದ ಮಾಹಿತಿ ಬಹುಪಾಲು ಹೊರಗೆ ಬರಲಿಲ್ಲ, ಬಂದರೂ ನಿಲ್ಲಲಿಲ್ಲ. ಬೇರೆಯದನ್ನು ಬಲ್ಲವರನ್ನು ಕೂರಿಸಿಕೊಂಡಿದ್ದೂ ವ್ಯರ್ಥ. ಕೋಶಿಮಾದ ಟೀಚರ್ ನೆನಪಿದ್ದಾರಲ್ಲ? ಅವರು ಕಂಡದ್ದು ಎಷ್ಟು ಮುಖ್ಯವೋ, ಅದನ್ನು ಇನ್ನೊಬ್ಬರು ಬರೆದುಕೊಂಡದ್ದೂ ಅಷ್ಟೇ ಮುಖ್ಯ.

ಇನ್ನೂ ಒಂದು ವಿಚಿತ್ರ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಥರೀನ್ ಫಿಲಿಪ್ಸ್ ಮತ್ತು ಜೊತೆಗಾರರು ಅಮೆರಿಕದ ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಕೊಲೆ ಪ್ರಕರಣ ಕೊಟ್ಟು ಕೊಲೆಗಾರನನ್ನು ಹುಡುಕಲು ಹೇಳಿದರು. ಅಲ್ಲಿನ ಕಾಲೇಜುಗಳಲ್ಲಿ ವಿದ್ಯಾರ್ಥಿಗಳದ್ದೇ ಕೂಟಗಳಿರುತ್ತವೆ. ಅಂಥ ಒಂದೇ ಕೂಟದ ಮೂವರು ಮಾತಾಡುತ್ತಿರುವಾಗ ನಾಲ್ಕನೆಯವರು ಬಂದು ಸೇರುತ್ತಾರೆ. ಕೆಲವು ಗುಂಪಿಗೆ ತಮ್ಮ ಕೂಟದವರೇ, ಕೆಲವಕ್ಕೆ ಬೇರೆ ಕೂಟದವರು. ಬೇರೆಯವರು ಬಂದು ಸೇರಿದ ಗುಂಪುಗಳು ಸರಿ ಉತ್ತರ ಹಿಡಿದದ್ದು ಜಾಸ್ತಿ. ಆದರೆ ನಮ್ಮ ಚರ್ಚೆ ಚೆನ್ನಾಗಿ ಆಯಿತು ಎಂಬ ನಂಬಿಕೆ ಅವರಲ್ಲೇ ಕಡಿಮೆ! ತಮ್ಮವರೇ ತುಂಬಿದ್ದ ಗುಂಪಿಗೆ ಎಲ್ಲ ಸಲೀಸಾಗಿ ನಡೆದ ಖುಷಿ, ಉತ್ತರ ಹೆಚ್ಚಾಗಿ ತಪ್ಪು. ಹೊಸಬರು ಹೊಸ ಐಡಿಯಾ ತಂದಿದ್ದೂ ಇಲ್ಲ. ಹೊರಗಿನವರೊಬ್ಬರು ಕೂತಿದ್ದಾರೆ ಎಂಬ ಸಣ್ಣ ಮುಜುಗರವೇ ಒಳಗಿನವರು ತಮ್ಮ ತಮ್ಮ ಭಿನ್ನಾಭಿಪ್ರಾಯಗಳನ್ನು ಸ್ವಲ್ಪ ಗಮನವಿಟ್ಟು ನೋಡುವಂತೆ ಮಾಡಿತು. ಮೀಟಿಂಗ್ ಎಷ್ಟು ಸುಸೂತ್ರ ಆಯಿತು ಎಂಬುದನ್ನೇ ಅಳತೆಗೋಲು ಮಾಡಿಕೊಂಡ ಮ್ಯಾನೇಜರು ಪ್ರತಿ ಸಲವೂ ತಪ್ಪು ಗುಂಪಿಗೆ ಬಹುಮಾನ ಕೊಡುತ್ತಾನೆ ಎಂದಾಯಿತು.

ಕೀನ್ಯಾದ ಗುಲಾಬಿ

ಮುಜುಗರದ ಮಟ್ಟದಲ್ಲೇ ಇದ್ದರೆ ಚೆಂದ. ಭಿನ್ನತೆ ಹಗೆಯಾಗಿ ತಿರುಗಿದಾಗ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಯೊನಾಸ್ ಯೋರ್ಟ್ ಕೀನ್ಯಾದ ಒಂದು ಹೂವಿನ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ನೋಡಿದರು. ಅಲ್ಲಿ ಮೂವರ ತಂಡ. ಒಬ್ಬರು ಗುಲಾಬಿ ಹೊಂದಿಸಿ ಕೊಡುತ್ತಾರೆ, ಇಬ್ಬರು ಕಟ್ಟು ಕಟ್ಟುತ್ತಾರೆ. ಕಟ್ಟುವವರಿಗೆ ಅವರವರು ಕಟ್ಟಿದ ಹೂವಿನ ಲೆಕ್ಕದಲ್ಲಿ ಕೂಲಿ. ಕೊಡುವವರಿಗೆ ಇಬ್ಬರೂ ಕಟ್ಟಿದ ಒಟ್ಟು ಲೆಕ್ಕದಲ್ಲಿ ಕೂಲಿ. ಕೆಲಸಗಾರರು ಮುಖ್ಯವಾಗಿ ಎರಡು ಬಣದ ಬುಡಕಟ್ಟುಗಳವರು, ಕಿಕುಯು ಕಡೆಯವರು ಮತ್ತು ಲುವೊ ಕಡೆಯವರು. ಯಾರು ಯಾರ ಜೊತೆ ಎಂಬುದು ಸರದಿಯ ಮೇಲೆ ನಿಂತಿತ್ತು.

ಬೆರೆತ ತಂಡಗಳಲ್ಲಿ ಕೆಲಸ ಕಡಿಮೆ ಆಗುತ್ತಿತ್ತು. ಹೂ ಕೊಡುವವರು ತಮ್ಮವರಿಗೆ ಹೆಚ್ಚು, ಬೇರೆಯವರಿಗೆ ಕಡಿಮೆ ಹೂ ತಳ್ಳುತ್ತಿದ್ದರು. ಹಾಗೆ ಮಾಡಿದರೆ ಒಟ್ಟು ಲೆಕ್ಕ ಇಳಿದು ತಮ್ಮ ಕೂಲಿಯೂ ಹೋಗುತ್ತದೆ, ಆದರೂ ಸರಿ. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡಿದ ಹಾಗೆ. 2007ರ ಡಿಸೆಂಬರಿನ ಚುನಾವಣೆಯ ನಂತರ ದೇಶದಲ್ಲಿ ಬುಡಕಟ್ಟುಗಳ ನಡುವೆ ಹಿಂಸೆ ಭುಗಿಲೆದ್ದಿತು. ಬೆರೆತ ತಂಡಗಳ ನಷ್ಟ ಇನ್ನೂ ಜಾಸ್ತಿಯಾಯಿತು.

ಕಾರ್ಖಾನೆಯವರು ಮಾಡಿದ್ದೇನು? ಐಕ್ಯತೆಯ ಭಾಷಣ ಇಡಿಸಿದರೋ ಇಲ್ಲವೋ ತಿಳಿಯದು, ಕೂಲಿಯ ಲೆಕ್ಕವನ್ನಂತೂ ಬದಲಿಸಿದರು. ಕಟ್ಟುವ ಇಬ್ಬರೂ ಸೇರಿ ಎಷ್ಟು ಕಟ್ಟಿದರೋ ಅದರ ಮೇಲೆ ಇಬ್ಬರಿಗೂ ಸಮ ಕೂಲಿ ಎಂದರು. ಈಗ ತಮ್ಮವನಿಗೆ ನಾಲ್ಕು ಹೂ ಜಾಸ್ತಿ ತಳ್ಳಿದರೂ ಅದರ ಲಾಭ ಅವನೊಬ್ಬನಿಗೇ ಹೋಗುವುದಿಲ್ಲ. ಪಕ್ಷಪಾತಕ್ಕೆ ಫಲವೇ ಇಲ್ಲ. ಒಬ್ಬರು ತಮ್ಮವರು, ಒಬ್ಬರು ಬೇರೆಯವರು ಇದ್ದ ತಂಡಗಳ ಕೆಲಸ ಚೇತರಿಸಿಕೊಂಡಿತು. ಯಾರ ಮನಸ್ಸೂ ಬದಲಾಗಿರಲಿಲ್ಲ, ಊರಲ್ಲಿ ಗಲಭೆಯ ಗಾಯ ಹಸಿಯಾಗಿತ್ತು. ಸಂಸ್ಥೆಗಳಲ್ಲಿ ವೈವಿಧ್ಯದ ತರಬೇತಿ ಅಂತ ದುಡ್ಡು ಸುರಿಯುವವರು ಈ ಗುಲಾಬಿ ಕಟ್ಟನ್ನು ಒಮ್ಮೆ ನೋಡಬೇಕು ಅಂತ ನನಗೆ ಅನ್ನಿಸುತ್ತದೆ. ಸಂಬಳ, ಬಡ್ತಿ, ಕೆಲಸ ಹಂಚಿಕೆ ಹೇಗಿದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ದಕ್ಷತೆ ಹೋಗುತ್ತದೆ ಎಂಬ ಹಳೆಯ ಭಯ

ಈ ಚರ್ಚೆ ನಮಗೆ ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ ನೂರು ವರ್ಷಕ್ಕೂ ಹಿಂದೆ ಇದೇ ವಾದ ನಡೆದಿತ್ತು. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ ಎಂಬ ದೂರು ಬಂದಾಗ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ದಿವಾನ ವಿಶ್ವೇಶ್ವರಯ್ಯನವರಿಗೆ ಈ ದಾರಿ ಹಿಡಿಸಲಿಲ್ಲ, ಅರ್ಹತೆ ಬಿಟ್ಟರೆ ಆಡಳಿತ ಕೆಡುತ್ತದೆ ಎಂಬ ಆತಂಕ ಅವರದು. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಬ್ರಾಹ್ಮಣೇತರರಿಗೆ 7 ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗವಾದರೂ ಸಿಗಬೇಕು ಎಂದು ಸಮಿತಿ ಹೇಳಿತು. ದಕ್ಷತೆಯ ಪ್ರಶ್ನೆಯನ್ನೂ ಅದು ತಪ್ಪಿಸಿಕೊಳ್ಳಲಿಲ್ಲ. ಪರೀಕ್ಷೆಯ ಅಂಕವೊಂದೇ ದಕ್ಷತೆಯಲ್ಲ; ಜನರ ಕಷ್ಟಕ್ಕೆ ಮಿಡಿಯುವುದು, ಪ್ರಾಮಾಣಿಕತೆ, ಚುರುಕು, ವ್ಯವಹಾರ ಜ್ಞಾನ ಇವೂ ಒಳ್ಳೆಯ ಅಧಿಕಾರಿಗೆ ಬೇಕು ಎಂಬ ಅರ್ಥದಲ್ಲಿ ಬರೆಯಿತು.

ಇದು ಬರೀ ವಾದಕ್ಕೆ ವಾದ ಆಗಬೇಕಿಲ್ಲ, ಲೆಕ್ಕ ಹಾಕಿ ನೋಡಬಹುದು. ಅರ್ಥಶಾಸ್ತ್ರಜ್ಞರಾದ ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್‌ಕಾಫ್ 1980ರಿಂದ 2002ರವರೆಗಿನ ಭಾರತೀಯ ರೈಲ್ವೆಯ ಅಂಕಿ ಅಂಶ ತೆಗೆದು ನೋಡಿದರು. ಪರಿಶಿಷ್ಟ ಜಾತಿ, ಪಂಗಡದ ನೌಕರರು ಹೆಚ್ಚಿದಲ್ಲಿ ಉತ್ಪಾದಕತೆ ಇಳಿದಿದೆಯೇ? ಇಳಿದದ್ದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಮೇಲಿನ ದರ್ಜೆಯ ಹುದ್ದೆಗಳಲ್ಲಿ ಅವರ ಪಾಲು ಹೆಚ್ಚಿದ್ದಲ್ಲಿ ಕೆಲಸ ಸ್ವಲ್ಪ ಉತ್ತಮವಾಗಿದ್ದ ಸೂಚನೆಗಳೇ ಇದ್ದವು. 2014ರಲ್ಲಿ ಇದು ಪ್ರಕಟವಾಯಿತು. ನಮ್ಮ ಚಹಾದಂಗಡಿ ಚರ್ಚೆಗಳಿಗೆ ಇನ್ನೂ ತಲುಪಿದ ಹಾಗೆ ಕಾಣುವುದಿಲ್ಲ.

ನೀರು ಯಾರು ಹೊರುತ್ತಾರೆ

ಕೊನೆಗೆ ಹಳ್ಳಿಗೆ ಹೋಗೋಣ. ಹೊಸಬರು ಕುರ್ಚಿಯಲ್ಲಿ ಕೂತಾಗ ಪ್ರಶ್ನೆಗಳು ಬದಲಾಗುವುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆ ಜಗತ್ತಿನಲ್ಲೇ ಕಡಿಮೆ.

ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳನ್ನು ತಂದಿತು. 1987ರ ಜನವರಿಯಲ್ಲಿ ಚುನಾವಣೆ ಆದಾಗ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲು. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರು ಸಾಬ್’ ಎಂದೇ ಹೆಸರಾದವರು. ಆಮೇಲೆ 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಮೂರನೇ ಒಂದು ಭಾಗ ಎಂದಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ‘ಅಧ್ಯಕ್ಷೆ ಹೆಸರಿಗೆ, ಕಾರುಬಾರು ಗಂಡನದು’ ಎಂಬ ಮಾತು ಮೊದಲ ದಿನದಿಂದಲೂ ಇದೆ. ಅದರಲ್ಲಿ ಸತ್ಯವೂ ಇದೆ, ನಾನೇ ಅಂಥ ಸಭೆಗಳನ್ನು ನೋಡಿದ್ದೇನೆ. ಆದರೆ ಅಷ್ಟೇ ಸತ್ಯವಾ?

ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಇದನ್ನು ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ಪರೀಕ್ಷಿಸಿದರು. ಯಾವ ಪಂಚಾಯ್ತಿಯ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತದೆ. ಹಾಗಾಗಿ ಮೀಸಲಾದ ಊರು, ಆಗದ ಊರುಗಳಿಗೆ ಮೂಲದಲ್ಲಿ ವ್ಯತ್ಯಾಸ ಇಲ್ಲ, ಹೋಲಿಸಿದರೆ ಮೋಸ ಇಲ್ಲ. ಮೊದಲು ಅವರು ನೋಡಿದ್ದು ಪಂಚಾಯ್ತಿಗೆ ಗಂಡಸರು ಏನು ಕೇಳುತ್ತಾರೆ, ಹೆಂಗಸರು ಏನು ಕೇಳುತ್ತಾರೆ ಎಂದು. ಎರಡೂ ಕಡೆ ಹೆಂಗಸರು ಹೆಚ್ಚಾಗಿ ಕೇಳಿದ್ದು ಕುಡಿಯುವ ನೀರು, ಹೊತ್ತು ತರುವವರು ಅವರೇ ಅಲ್ವಾ? ರಸ್ತೆಯ ವಿಷಯ ಮಾತ್ರ ಬೇರೆ. ಬೀರ್‌ಭೂಮ್‌ನಲ್ಲಿ ರಸ್ತೆ ಕೆಲಸದ ಕೂಲಿ ಹೆಂಗಸರಿಗೆ ಸಿಗುತ್ತಿತ್ತು, ಅವರಿಗೆ ರಸ್ತೆಯೂ ಬೇಕು. ಉದಯಪುರದಲ್ಲಿ ರಸ್ತೆ ಗಂಡಸರ ಬೇಡಿಕೆ.

2004ರಲ್ಲಿ ಪ್ರಕಟವಾದ ಫಲಿತಾಂಶ ಇದಕ್ಕೆ ಸರಿಯಾಗಿ ಹೊಂದಿತು. ಅಧ್ಯಕ್ಷೆ ಇದ್ದ ಊರುಗಳಲ್ಲಿ, ಎರಡೂ ಜಿಲ್ಲೆಯಲ್ಲಿ, ನೀರಿನ ಕೆಲಸ ಜಾಸ್ತಿ ಆಗಿತ್ತು. ರಸ್ತೆ ಕೆಲಸ ಬೀರ್‌ಭೂಮ್‌ನಲ್ಲಿ ಜಾಸ್ತಿ, ಉದಯಪುರದಲ್ಲಿ ಕಡಿಮೆ. ಬೀರ್‌ಭೂಮ್‌ನಲ್ಲಿ ಗ್ರಾಮದ ಸಭೆಗೆ ಬರುವ ಹೆಂಗಸರ ಪಾಲೂ ಏರಿತ್ತು. ಅಧ್ಯಕ್ಷೆಯರಲ್ಲಿ ಓದು, ಅನುಭವ ಕಡಿಮೆ ಇದ್ದವರು ಬಹಳ. ಗಂಡನ ನೆರಳೂ ಇತ್ತು. ಆದರೂ ಕೊಳವೆಬಾವಿ ಎಲ್ಲಿ ಬಿತ್ತು ಎಂದು ಎಣಿಸಿದರೆ ವ್ಯತ್ಯಾಸ ಕಾಣುತ್ತಿತ್ತು.

ಊರಿನವರು ಸಂತೋಷಪಟ್ಟರಾ? ಇಲ್ಲ. ಡುಫ್ಲೋ ಮತ್ತು ಪೇಟಿಯಾ ಟೊಪಲೋವಾ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಅಧ್ಯಕ್ಷೆಯರ ಊರುಗಳಲ್ಲಿ ನೀರಿನ ವ್ಯವಸ್ಥೆ ಚೆನ್ನಾಗಿದ್ದರೂ, ಲಂಚ ಕಡಿಮೆ ಇದ್ದರೂ, ಜನ ತೃಪ್ತಿ ಕಡಿಮೆ ಎಂದೇ ಹೇಳಿದ್ದರು. ನಲ್ಲಿಯಲ್ಲಿ ನೀರು ಬರುತ್ತಿದೆ, ಬಾಯಲ್ಲಿ ‘ಇವಳಿಂದ ಏನಾಗುತ್ತದೆ’ ಎಂಬ ಮಾತು. ಅದು ಕರಗಲು ಇನ್ನೊಂದು ಅವಧಿ ಬೇಕಾಯಿತು. ಒಂದೇ ಊರಿಗೆ ಎರಡನೇ ಸಲವೂ ಹೆಣ್ಣಿಗೆ ಮೀಸಲು ಬಂದಾಗ ಗಂಡಸರು ಕೊಡುವ ಅಂಕ ಸರಿಹೋಯಿತು. ಎರಡು ಅವಧಿ ಕಂಡ ಊರುಗಳಲ್ಲಿ ಮೀಸಲು ಇಲ್ಲದ ಸ್ಥಾನಗಳಿಗೂ ಹೆಂಗಸರು ನಿಂತು ಗೆಲ್ಲುವುದು ಹೆಚ್ಚಿತು. ಹೆಣ್ಣು ನಾಯಕಿ ಇಷ್ಟವೇ ಎಂದು ನೇರವಾಗಿ ಕೇಳಿದರೆ ಮಾತ್ರ ಗಂಡಸರ ಉತ್ತರ ಮೊದಲಿನ ಹಾಗೇ ಇತ್ತು.

ಅದೇ ಬೀರ್‌ಭೂಮ್‌ನ ಊರುಗಳಲ್ಲಿ ಅಪ್ಪ ಅಮ್ಮಂದಿರನ್ನೂ ಹದಿಹರೆಯದ ಮಕ್ಕಳನ್ನೂ ಮಾತಾಡಿಸಿದ ಅಧ್ಯಯನವೊಂದು 2012ರಲ್ಲಿ ಬಂತು. ಎರಡು ಅವಧಿ ಅಧ್ಯಕ್ಷೆಯರನ್ನು ಕಂಡ ಊರುಗಳಲ್ಲಿ ಮಗನಿಗೊಂದು ಕನಸು, ಮಗಳಿಗೊಂದು ಕನಸು ಎಂಬ ಅಂತರ ಕಿರಿದಾಗಿತ್ತು. ಓದಿನಲ್ಲಿ ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರ ಮುಚ್ಚಿಹೋಗಿತ್ತು. ಆ ಹುಡುಗಿಯರು ದಿನಕ್ಕೆ ಮನೆಗೆಲಸದಲ್ಲಿ ಕಳೆಯುವ ಹೊತ್ತೂ ಕಡಿಮೆಯಾಗಿತ್ತು.